ಕಹಿಮರದ ಬಟ್ಟಲು

ಗಾಜು ಊದುವವನು ನಾನು, ಮಾತು ಊದಿ ಗೊತ್ತಿಲ್ಲ.
ಆದರೂ ಕೂತಿದ್ದೇನೆ, ಕೆಮಿಸ್ಟ್ರಿ ವಿಭಾಗದ ನೆಲಮಾಳಿಗೆಯಲ್ಲಿ,
ಆರಿದ ಬರ್ನರಿನ ಪಕ್ಕ, ಪೆನ್ಸಿಲ್ ಹಿಡಿದು.

ಕಿಂಗ್‌ಸ್ಟನ್ನಿನ ಪೇಪರಿನವರು ಬರೆದರು:
ಜಮೈಕಾದ ಮೊದಲ ಮಹಿಳಾ ಕೆಮಿಸ್ಟ್ರಿ ಪ್ರೊಫೆಸರ್,
ಇಷ್ಟು ಪ್ರಬಂಧ, ಇಷ್ಟು ಪದಕ, ಅವಿವಾಹಿತೆ.
ಐದೇ ಸಾಲು. ಪಕ್ಕದ ಸಿಮೆಂಟ್ ಜಾಹೀರಾತು ಅದಕ್ಕಿಂತ ದೊಡ್ಡದು.

ಇಯೋನಾ ಪಿನಕ್ ಹುಟ್ಟಿದ್ದು ಪೋರ್ಟ್‌ಲ್ಯಾಂಡ್ ಗುಡ್ಡದಲ್ಲಿ,
ಬಂದರಿನಲ್ಲಿ ಬಾಳೆಗೊನೆ ಎಣಿಸುವವನ ಮಗಳಾಗಿ.
ಅಜ್ಜಿಯ ಹತ್ತಿರ ಒಂದು ಬಟ್ಟಲಿತ್ತು,
ಕಹಿಮರದ ತುಂಡು ಕಡೆದು ಮಾಡಿದ್ದು.
ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ಕಹಿ.
ಜ್ವರಕ್ಕೂ ಅದೇ ಮದ್ದು, ಹಟಕ್ಕೂ ಅದೇ.
‘ಮರ ಸತ್ತು ಎಷ್ಟೋ ವರ್ಷ ಆಯಿತು,
ಕಹಿ ಮಾತ್ರ ಯಾಕೆ ಸಾಯಲಿಲ್ಲ?’
‘ಬಾಯಿ ಮುಚ್ಚಿಕೊಂಡು ಕುಡಿ,’ ಅಂದಳಂತೆ ಅಜ್ಜಿ.

ಕುಡಿದರು.
ಬಾಯಿ ಮುಚ್ಚಿದ್ದು ನಾನಂತೂ ಕಾಣೆ.

ಗ್ಲಾಸ್ಗೋದ ಕತೆ ಅವರಾಗಿ ಹೇಳಿದವರಲ್ಲ.
ಒಡೆದ ಕಂಡೆನ್ಸರೊಂದನ್ನು ಹಳೆಯ ಕಾಗದದಲ್ಲಿ ಸುತ್ತಿ
ರಿಪೇರಿಗೆ ಕೊಟ್ಟಿದ್ದರು. ಬಿಚ್ಚಿದರೆ ಅದೊಂದು ಪತ್ರ:
‘ಪ್ರಿಯ ಮಿಸ್ಟರ್ ಪಿನಕ್, ತಮಗೊಂದು ಬೆಂಚು ಕಾದಿರಿಸಿದ್ದೇವೆ...’
ಮಿಸ್ಟರ್ ಎಂಬಲ್ಲಿ ಶಾಯಿಯ ಒಂದು ಸಣ್ಣ ಗೀಟು.
ಅಷ್ಟೆ. ಕಂಡೆನ್ಸರು ಕೂಡಿಸಿ, ಪತ್ರ ಮಡಿಸಿ ಕೊಟ್ಟೆ.
ಇಬ್ಬರೂ ಕೆಮ್ಮಿದೆವು.

ಅವರು ವಾಪಸು ಬಂದಾಗ ಲ್ಯಾಬೆಂದರೆ
ಹಳೆ ಸಕ್ಕರೆ ತೋಟದ ಕಲ್ಲುಕಾಲುವೆ ಪಕ್ಕ
ಯುದ್ಧಕಾಲದ ಮರದ ಶೆಡ್ಡು.
ಈಥರು ನಮ್ಮ ಮಧ್ಯಾಹ್ನದ ಬಿಸಿಲಿಗೇ
ಕುದಿಯಲು ಹೊಂಚುವ ದ್ರವ; ಅದಕ್ಕೇ
ನಸುಕಿನ ನಾಲ್ಕಕ್ಕೆ ಕೆಲಸ ಶುರು,
ಮೀನಿನವಳ ಹತ್ತಿರ ಸಾಲ ತಂದ ಐಸಿನಲ್ಲಿ.
ಫ್ಲಾಸ್ಕಿಗೆಲ್ಲ ಒಂದಿಷ್ಟು ಮೀನಿನ ವಾಸನೆ,
ಪ್ರಬಂಧದಲ್ಲಿ ಅದನ್ನು ಬರೆಯುವ ಹಾಗಿಲ್ಲ.

ನನಗಾಗ ಹದಿನೇಳು, ಸೋಡಾ ಫ್ಯಾಕ್ಟರಿಯಲ್ಲಿ ಬಾಟಲಿ ಜೋಡಿಸುತ್ತಿದ್ದೆ.
ಬಂದು ಕೇಳಿದರು: ‘ಥಡ್ಡಿಯಸ್, ನಿನ್ನ ಉಸಿರೆಷ್ಟು ಉದ್ದ?’
ಅಳೆದಿರಲಿಲ್ಲ. ಮೂವತ್ತಾರು ವರ್ಷ ಬಂತು.

ಪ್ರೊಫೆಸರ್ ಆದ ದಿನ ಏನು ಬೇಕೆಂದು ಕೇಳಿದರು ದೊಡ್ಡವರು.
‘ಒಂದು ಪಾಯಿಖಾನೆ,’ ಅಂದರು.
ಆ ಕಟ್ಟಡದಲ್ಲಿ ಹೆಂಗಸರಿಗೆಂದು ಒಂದೂ ಇರಲಿಲ್ಲ.
ಹನ್ನೊಂದು ವರ್ಷ ಬಿಸಿಲು ಮಳೆಯೆನ್ನದೆ
ನರ್ಸುಗಳ ಕ್ವಾರ್ಟರ್ಸಿಗೆ ನಡೆದಿದ್ದರು.
ದೊಡ್ಡವರು ಶೆರ್ರಿ ಲೋಟ ಕೆಳಗಿಟ್ಟರು.

ತೊಗಟೆ ಕುದಿಸಿ, ಸೋಸಿ, ಮತ್ತೆ ಕುದಿಸಿ
ಹನ್ನೆರಡನೆಯ ವರ್ಷ ಫ್ಲಾಸ್ಕಿನ ತಳದಲ್ಲಿ
ಉಗುರಿನಷ್ಟು ಬಿಳಿ ಹರಳು.
ಅದೇ ತಿಂಗಳು ಹಡಗಿನಲ್ಲಿ ಬಂದ ಪತ್ರಿಕೆ:
ಅದೇ ಅಣು, ಅದೇ ಚಿತ್ರ, ಬೇರೆ ಊರು, ಬೇರೆ ಹೆಸರು.
ನಾನು ಬೈದೆ. ಅವರು ಮಾವಿನಹಣ್ಣು ಸುಲಿಯುತ್ತಾ
‘ಅಲ್ಲಿಯೂ ಕಹಿ ಕಹಿಯೇ ಅಂತಾಯಿತಲ್ಲ,’ ಅಂದರು.
ಕೈ ಮಾತ್ರ ಬಹಳ ಹೊತ್ತು ತೊಳೆದರು ಆ ದಿನ.
ಮರುದಿನ ನಾಲ್ಕಕ್ಕೆ ಬೇರೆ ಮರದ ಬೇರು ಮೇಜಿನ ಮೇಲೆ.

ಚಂಡಮಾರುತದ ವರ್ಷ ನನ್ನ ಗಾಜೆಲ್ಲ ಪುಡಿ.
ಬೂಟು ಹಾಕಿ ಬಂದು ಗುಡಿಸಿದರು.
‘ಕರಗಿಸಿದರೆ ಕೂಡುತ್ತದಾ?’
‘ಇಲ್ಲ ಮೇಡಂ, ಬೇರೆ ಬೇರೆ ಜಾತಿಯ ಗಾಜು,
ಬಿಸಿಯಲ್ಲಿ ಕೂಡುತ್ತದೆ, ತಣಿದಾಗ ಸೀಳುತ್ತದೆ.’
‘ಮೀಟಿಂಗುಗಳ ಹಾಗೆ,’ ಅಂದರು.

ಕೊನೆಯ ವಾರ ಆಸ್ಪತ್ರೆಗೆ ಬಟ್ಟಲು ತರಿಸಿಕೊಂಡರು,
ಅಂಚು ಸೀಳಿದ, ಅಜ್ಜಿಯದೇ.
ರಾತ್ರಿ ನೀರಿಟ್ಟೆ. ಬೆಳಗ್ಗೆ ಒಂದು ಗುಟುಕು.
ಔಷಧಿಗಳು ಅವರ ನಾಲಿಗೆಯನ್ನು ಆಗಲೇ ತಿಂದಿದ್ದವು.
‘ಏನೂ ಇಲ್ಲ. ನೀನು ನೋಡು.’
ಕುಡಿದೆ. ಮುಖ ಹಿಂಡಿಹೋಯಿತು.
ಮಾಪಕದ ಮುಳ್ಳು ನೋಡುವ ಹಾಗೆ
ಕನ್ನಡಕ ಏರಿಸಿ ನನ್ನ ಮುಖವನ್ನೇ ನೋಡಿದರು.
‘ಬರೆದುಕೋ,’ ಅಂದರು. ‘ಇನ್ನೂ ಇದೆ.’